ರಜೆಯಲ್ಲಿದ್ದ ಹನ್ನೆರಡನೆಯವಳು

ನಮ್ಮ ಮನೆಯವರೆಲ್ಲ ಪುಸ್ತಕದಿಂದಲೇ ಬದುಕುವವರು, ಆದರೆ ಓದುವವಳು ನಾನೊಬ್ಬಳೇ. ಮಾವ ಶುರುಮಾಡಿದ ಪ್ರೆಸ್ಸನ್ನು ಈಗ ಮೈದುನ ನಡೆಸುತ್ತಾನೆ. ನನ್ನ ಗಂಡ ಕೆಳಗಿನ ಅಂತಸ್ತಿನಲ್ಲಿ ಮುದ್ರಣಯಂತ್ರದ ಜೊತೆ ಸಂಸಾರ ಮಾಡುತ್ತಾರೆ, ಊಟಕ್ಕೆ ಮಾತ್ರ ನನ್ನ ಹತ್ತಿರ ಬರುತ್ತಾರೆ. ಮೇಲಿನ ಅಂತಸ್ತಿನ ಮೂಲೆಯ ಕೋಣೆ ನನ್ನದು. ನಾವು ಅಚ್ಚು ಹಾಕುವ ಶಾಲಾ ಪುಸ್ತಕಗಳಲ್ಲಿ ಬರುವ ಪ್ರತಿಯೊಂದು ಫೋಟೋ ಯಾರದ್ದು, ಬಳಸಲು ಅವರು ಒಪ್ಪಿದ್ದಾರೆಯೇ, ಒಪ್ಪಿದ್ದಕ್ಕೆ ಕಾಗದ ಇದೆಯೇ ಎಂದು ನೋಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಫೋಟೋಗ್ರಾಫರೂ ನಮಗೆ ವಕೀಲರ ನೋಟೀಸು ಕಳಿಸಿಲ್ಲ. ಜಂಬದಿಂದಲೇ ಹೇಳುತ್ತಿದ್ದೇನೆ. ಯಾರು ಏನೇ ಹೇಳಿದರೂ ನಾನು ಸಾಕ್ಷಿ ಕೇಳುತ್ತೇನೆಂದು ಆಫೀಸಿನಲ್ಲಿ ನನಗೆ 'ಸಾಕ್ಷಿಯಮ್ಮ' ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಯಾರೂ ಕರೆಯುವುದಿಲ್ಲ, ಆದರೆ ನಮ್ಮ ಗೋಡೆಗಳು ತೆಳ್ಳಗಿವೆ.

ಆ ಬುಧವಾರ ಬೆಳಿಗ್ಗೆ ಏಳನೇ ತರಗತಿಯ ಸಮಾಜ ಪಾಠದ ಹೊಸ ಆವೃತ್ತಿಯ ಪುಟಗಳು ನನ್ನ ಮೇಜಿನ ಮೇಲೆ ಹರಡಿದ್ದವು. ಸೋಮವಾರ ಮಷೀನಿಗೆ ಹೋಗಬೇಕು. ಮೆಟ್ಟಿಲ ಮೇಲೆ ಗಟ್ಟಿ ಹೆಜ್ಜೆಯ ಸದ್ದಾಯಿತು. ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. ಬೆನ್ನು ನೆಟ್ಟಗಿತ್ತು, ಹೆಗಲ ಚೀಲವನ್ನು ಕಂಕುಳಿಗೆ ಒತ್ತಿ ಹಿಡಿದಿದ್ದರು. ಬನ್ನಿ ಎನ್ನುವ ಮೊದಲೇ ಬಂದು, ಕೂತ್ಕೊಳ್ಳಿ ಎನ್ನುವ ಮೊದಲೇ ಕೂತು, ನಮ್ಮದೇ ಪುಸ್ತಕದ ಹಳೆಯ ಪ್ರತಿಯನ್ನು ಚೀಲದಿಂದ ತೆಗೆದು ಅರವತ್ತನಾಲ್ಕನೇ ಪುಟವನ್ನು ನನ್ನ ಮುಂದೆ ತೆರೆದಿಟ್ಟರು.

"ಈ ಫೋಟೋ ತೆಗೆದಿದ್ದು ನಾನು," ಎಂದರು.

ಆ ಫೋಟೋ ನನಗೆ ಅಂಗೈಯಷ್ಟೇ ಪರಿಚಿತ. ನಲವತ್ತೆಂಟು ವರ್ಷದ ಹಿಂದಿನದು. ಡಿಪೋದ ಅಂಗಳದಲ್ಲಿ ಒಂದು ಬಸ್ಸು, ಅದಕ್ಕೆ ಒರಗಿ ಹೊಸ ಸಮವಸ್ತ್ರದಲ್ಲಿ ಸಾಲಾಗಿ ನಿಂತ ಯುವತಿಯರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಕೆಳಗೆ 'ನಮ್ಮ ಮೊದಲ ಹನ್ನೊಂದು ಮಹಿಳಾ ಕಂಡಕ್ಟರುಗಳು' ಎಂದು ಬರೆದು, ಎಡದಿಂದ ಬಲಕ್ಕೆ ಹನ್ನೊಂದು ಹೆಸರು, ಕೊನೆಗೆ ಸ್ಟುಡಿಯೋ ಒಂದರ ಹೆಸರು. ಪ್ರತಿ ಆವೃತ್ತಿಗೂ ಆ ಸ್ಟುಡಿಯೋದ ಮಾಲೀಕರಿಂದ ಒಪ್ಪಿಗೆಯ ಸಹಿ ತಂದವಳು ನಾನೇ.

"ಅಮ್ಮಾ, ಇದು ಸ್ಟುಡಿಯೋದವರದ್ದು. ನಮ್ಮಲ್ಲಿ ಕಾಗದ ಇದೆ," ಎಂದೆ. ಇಂಥವರು ವರ್ಷಕ್ಕೆ ಇಬ್ಬರು ಬರುತ್ತಾರೆ.

"ಕಾಗದ ಇರ್ಬಹುದು. ಅವತ್ತು ಡಿಪೋದಲ್ಲಿ ಸ್ಟುಡಿಯೋದವರು ಇರಲಿಲ್ಲ, ನಾನಿದ್ದೆ. ನಾವು ಕೆಲಸಕ್ಕೆ ಸೇರಿದ್ದು ಹನ್ನೊಂದು ಜನ ಅಲ್ಲ, ಹನ್ನೆರಡು. ಹನ್ನೆರಡನೆಯವಳು ಕ್ಯಾಮೆರಾ ಹಿಡ್ಕೊಂಡು ಎದುರಿಗೆ ನಿಂತಿದ್ಲು."

ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮ ಪುಸ್ತಕದಲ್ಲಿ ತಲೆಯ ಲೆಕ್ಕ ತಪ್ಪುವುದೆಂದರೆ ಏನು? ಚಿತ್ರದಲ್ಲಿ ಎಷ್ಟು ತಲೆಯೋ ಕೆಳಗೆ ಅಷ್ಟೇ ಹೆಸರು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಇದು ಮಾವ ಹಾಕಿಕೊಟ್ಟ ನಿಯಮ. ಈಗಲೇ ತೋರಿಸುತ್ತೇನೆ ಎಂದು ಎದ್ದು ಕಬ್ಬಿಣದ ಕಪಾಟಿನಿಂದ ಇಪ್ಪತ್ತು ವರ್ಷ ಹಳೆಯ ಫೈಲು ತೆಗೆದೆ. ಡಿಪೋದವರು ಮೂಲ ಫೋಟೋದ ಜೊತೆ ಕೊಟ್ಟಿದ್ದ, ಟೈಪು ಮಾಡಿದ ಹಾಳೆ ಅದರಲ್ಲಿತ್ತು.

ಹಾಳೆಯಲ್ಲಿ ಹನ್ನೆರಡು ಹೆಸರಿದ್ದವು. ಕೊನೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ನನ್ನದೇ ಗುಂಡು ಗುಂಡು ಅಕ್ಷರ: 'ಚಿತ್ರದಲ್ಲಿ ಇಲ್ಲ. ಡಿಪೋಗೆ ಫೋನ್ ಮಾಡಿದೆ. ಅವತ್ತು ರಜೆ ಇದ್ದಿರಬೇಕು ಅಂದರು. ತೆಗೆದುಹಾಕಿದೆ.'

ಅವತ್ತು ಈ ತಪ್ಪು ಹಿಡಿದದ್ದಕ್ಕೆ ಮಾವ ನನ್ನನ್ನು ಎಲ್ಲರೆದುರು ಹೊಗಳಿದ್ದರು. ಮನೆಗೆ ಬಂದ ಸೊಸೆಗೆ ಕಣ್ಣು ಚುರುಕು ಎಂದಿದ್ದರು. ನಾನು ಒಂದು ವಾರ ಉಬ್ಬಿಕೊಂಡು ಓಡಾಡಿದ್ದೆ.

"ನಿಮ್ಮ ಹೆಸರೇನು?" ಎಂದೆ. ಹೇಳಿದರು. ಗೆರೆಯ ಕೆಳಗಿದ್ದ ಹೆಸರೇ.

ಆಗಲೂ ನನ್ನ ನಾಲಗೆ ಸುಮ್ಮನಿರಲಿಲ್ಲ ನೋಡಿ. "ನೀವು ಹನ್ನೆರಡನೆಯವರು ಅನ್ನೋದು ಸರಿ. ಆದ್ರೆ ಫೋಟೋ ತೆಗೆದಿದ್ದೂ ನೀವೇ ಅನ್ನೋಕೆ ಸಾಕ್ಷಿ ಏನಿದೆ?"

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಚಿಲ್ಲರೆ ಕೊಡದೆ ದೊಡ್ಡ ನೋಟು ಚಾಚುವ ಪ್ರಯಾಣಿಕನನ್ನು ನೋಡುವಂಥ ನೋಟ ಅದು. "ನನ್ನ ಮೊಮ್ಮಗಳು ಏಳನೇ ಕ್ಲಾಸು," ಎಂದರು. "ಈ ಪಾಠ ಬಂದ ದಿನ ಎದ್ದು ನಿಂತು 'ನಮ್ಮಜ್ಜಿ ಇವರಲ್ಲಿ ಒಬ್ಬರು' ಅಂದಿದಾಳೆ. ಟೀಚರ್ ಮುಖ ತೋರಿಸು ಅಂದ್ರಂತೆ. ಮುಖ ಇಲ್ಲ. ಹೆಸರು ಓದು ಅಂದ್ರಂತೆ. ಹೆಸರೂ ಇಲ್ಲ. ಕ್ಲಾಸಿಗೆ ಕ್ಲಾಸೇ ನಕ್ಕಿದೆ. ಹದಿನೈದು ದಿನ ಆಯ್ತು, ನನ್ನ ಜೊತೆ ಮಾತು ಬಿಟ್ಟಿದಾಳೆ. ಸಿಟ್ಟು ಮಾತ್ರ ಆಗಿದ್ರೆ ತಡ್ಕೋತಿದ್ದೆ. ಅವಳು ನನ್ನನ್ನ ಸುಳ್ಳುಗಾತಿ ಅಂದ್ಕೊಂಡಿದಾಳೆ. ಪೆನ್ಶನ್ ಪುಸ್ತಕ ತೋರಿಸಿದೆ. 'ಕಂಡಕ್ಟರ್ ಆಗಿದ್ದೆ ಸರಿ, ಮೊದಲನೆಯವಳು ಅಂತ ಎಲ್ಲಿದೆ' ಅಂತಾಳೆ. ಅಚ್ಚಾಗಿರೋ ಪುಸ್ತಕದ ಮುಂದೆ ಅಜ್ಜಿ ಮಾತು ಯಾವ ಲೆಕ್ಕ?"

ಹೀಗೆ ಹೇಳಿ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಇದೆ ಸಾಕ್ಷಿ. ಬಂದ ಕೂಡಲೇ ತೋರಿಸಬಾರದು, ಬರೀ ಮಾತನ್ನ ನಂಬ್ತೀರೋ ನೋಡೋಣ ಅಂತ ಇದ್ದೆ."

ಡಬ್ಬಿಯಲ್ಲಿ ಐದು ಚಿತ್ರಗಳ ಒಂದು ನೆಗೆಟಿವ್ ಪಟ್ಟಿ ಇತ್ತು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಮೊದಲ ಮೂರರಲ್ಲಿ ಒಬ್ಬ ಗಂಡಸು ಸೈಕಲ್ಲಿನ ಜೊತೆ ನಿಂತಿದ್ದ. ಅವರ ಅಣ್ಣನಂತೆ, ಕ್ಯಾಮೆರಾ ಅವನದೇ. ನಾಲ್ಕನೆಯದು ನಮ್ಮ ಪುಸ್ತಕದ ಚಿತ್ರ. ಐದನೆಯದು ಅದೇ ಬಸ್ಸು, ಅದೇ ಸಾಲು. ಎಣಿಸಿದೆ. ಮತ್ತೆ ಹನ್ನೊಂದೇ ತಲೆ. ಆದರೆ ನಾಲ್ಕನೆಯದರಲ್ಲಿ ಎಡದಿಂದ ಮೂರನೆಯವಳಾಗಿದ್ದ ಉದ್ದ ಹುಡುಗಿ ಇದರಲ್ಲಿ ಇರಲಿಲ್ಲ. ಆ ಜಾಗದಲ್ಲಿ ನಿಂತಿದ್ದವಳ ದವಡೆ ನನ್ನ ಎದುರಿಗೆ ಕೂತಿದ್ದವರ ದವಡೆಯೇ.

"ಇದರಲ್ಲಿ ನೀವಿದ್ದೀರಿ! ಇದನ್ನೇ ಮೊಮ್ಮಗಳಿಗೆ ತೋರಿಸಬಹುದಿತ್ತಲ್ಲ?"

"ತೋರಿಸಿದೆ. ನೆಗೆಟಿವ್‌ನಲ್ಲಿ ಎಲ್ಲರಿಗೂ ಮುಖ ಕಪ್ಪು, ಕೂದಲು ಬೆಳ್ಳಗೆ. ಹನ್ನೊಂದು ದೆವ್ವ ಕಂಡವು ಅವಳಿಗೆ. ಪ್ರಿಂಟು ಹಾಕಿಸೋಣ ಅಂದ್ರೆ ಈಗ ಅದನ್ನ ಮಾಡೋರೇ ಇಲ್ಲ ಅಂದ್ರು. ಆಗ ಒಂದೇ ಒಂದು ಪ್ರಿಂಟು ಹಾಕಿಸಿದ್ದೆ, ಅದನ್ನೂ ಡಿಪೋ ಸಾಹೇಬರು ಗೋಡೆಗೆ ಬೇಕು ಅಂತ ಇಸ್ಕೊಂಡ್ರು."

ನಾನು ನಮ್ಮ ಫೈಲಿನ ಮೂಲ ಫೋಟೋ ತಿರುಗಿಸಿದೆ. ಹಿಂದೆ ನೇರಳೆ ಬಣ್ಣದ ಸ್ಟುಡಿಯೋ ಮುದ್ರೆ. ಈ ಮುದ್ರೆಯನ್ನೇ ನಂಬಿ ನಾನು ಸ್ಟುಡಿಯೋದವರ ಬಾಗಿಲು ತಟ್ಟಿದ್ದೆ. ಫಿಲ್ಮು ತೊಳೆದು ಪ್ರಿಂಟು ಹಾಕಿಕೊಟ್ಟವರ ಮುದ್ರೆಯನ್ನು ಫೋಟೋ ತೆಗೆದವರ ಸಹಿ ಎಂದುಕೊಂಡಿದ್ದೆ. ಬಟ್ಟೆ ಒಗೆದವರನ್ನು ಬಟ್ಟೆಯ ಒಡೆಯ ಎಂದಂತಾಯಿತು. ತಪ್ಪು ನನ್ನದೇ, ಎರಡು ಸಲ ನನ್ನದೇ.

"ಅಮ್ಮಾ, ನಿಮ್ಮ ಹೆಸರು ಹೊಡೆದುಹಾಕಿದವಳು ನಾನೇ," ಎಂದು ಹಾಳೆಯನ್ನು ಅವರ ಮುಂದಿಟ್ಟೆ. "ಕ್ಷಮಿಸಿ. ಸೋಮವಾರದೊಳಗೆ ಸರಿಮಾಡ್ತೀನಿ. ಮಾಡೇ ಮಾಡ್ತೀನಿ."

ಅವರು ಕನ್ನಡಕ ಏರಿಸಿ ನನ್ನ ಅಕ್ಷರವನ್ನು ನಿಧಾನವಾಗಿ ಓದಿದರು. "ಮೂವತ್ತಮೂರು ವರ್ಷ ಸರ್ವೀಸು. ಒಂದು ದಿನಾನೂ ಸುಳ್ಳು ರಜೆ ಹಾಕಿಲ್ಲ ನಾನು," ಎಂದಷ್ಟೇ ಹೇಳಿ, ಡಬ್ಬಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಎದ್ದರು.

ಮೈದುನನ ಕೋಣೆಗೆ ಹೋದಾಗ ಅವನು ಮೂರು ಫೋನುಗಳ ನಡುವೆ ಕೂತಿದ್ದ. ಎಲ್ಲ ಕೇಳಿ ತಲೆಗೆ ಕೈ ಹಚ್ಚಿಕೊಂಡ.

"ಅತ್ತಿಗೆ, ಸೋಮವಾರ ಮಷೀನು. ಸ್ಟುಡಿಯೋದವರ ಸಹಿ ಇದೆಯಲ್ಲ. ಈ ಸಲ ಹೀಗೇ ಹೋಗ್ಲಿ, ಮುಂದಿನ ಸಲ ನೋಡೋಣ."

"ಸಹಿ ಇದೆ, ಹಕ್ಕಿಲ್ಲ. ಗೊತ್ತಿಲ್ಲದೆ ಹಾಕಿದ್ರೆ ತಪ್ಪು. ಗೊತ್ತಿದ್ದೂ ಹಾಕಿದ್ರೆ ಕಳ್ಳತನ. ನಿನ್ನ ಪ್ರೆಸ್ಸಿಗೆ ಯಾವುದು ಬೇಕು ಹೇಳು."

"ಸ್ಟುಡಿಯೋದವರು ಜಗಳಕ್ಕೆ ಬಂದ್ರೆ?"

"ಅವರನ್ನ ನನಗೆ ಬಿಡು. ನೀನು ಪುಟ ಮಾತ್ರ ಖಾಲಿ ಇಡು."

ಅತ್ತಿಗೆ ಪಟ್ಟು ಹಿಡಿದರೆ ಅಣ್ಣನೂ ಅಲ್ಲಾಡಿಸಲಾರ ಎಂದು ಮೈದುನನಿಗೆ ಮದುವೆಯ ಮೊದಲ ವರ್ಷದಿಂದಲೂ ಗೊತ್ತು. ಪುಟ ಖಾಲಿ ಇಟ್ಟ.

ಗುರುವಾರ ಸ್ಟುಡಿಯೋಗೆ ಹೋದೆ. ಮಾಲೀಕರು ಅಪ್ಪನ ಕುರ್ಚಿಯಲ್ಲೇ ಕೂತಿದ್ದರು. ಗೋಡೆಯ ತುಂಬ ಚೌಕಟ್ಟು ಹಾಕಿದ ಹಳೆಯ ಫೋಟೋಗಳು. ನಾನು ವಿಷಯ ಎತ್ತುತ್ತಲೇ ಅವರ ಮುಖ ಗಂಟಾಯಿತು.

"ಮುದ್ರೆ ನಮ್ಮಪ್ಪಂದು ಮೇಡಂ. ಮುದ್ರೆ ಇದ್ರೆ ಫೋಟೋನೂ ನಮ್ಮಪ್ಪಂದೇ. ಇದರಲ್ಲಿ ಮಾತೇ ಇಲ್ಲ."

"ಮುದ್ರೆ ಇರೋದೆಲ್ಲ ಅವರೇ ತೆಗೆದಿದ್ದಾ?"

"ಒಂದೂ ಬಿಡದೆ!"

ಬಾಗಿಲ ಪಕ್ಕದಲ್ಲಿ ಅವರ ಅಪ್ಪ ಅಮ್ಮನ ಮದುವೆಯ ಫೋಟೋ ತೂಗುತ್ತಿತ್ತು. ಅಪ್ಪ ಕೈಕಟ್ಟಿಕೊಂಡು, ಹೆದರಿದ ಮುಖ ಮಾಡಿ, ಹೆಂಡತಿಯ ಪಕ್ಕ ನೆಟ್ಟಗೆ ನಿಂತಿದ್ದರು. ಕೇಳಿಯೇ ಕೆಳಗಿಳಿಸಿದೆ. ಚೌಕಟ್ಟಿನ ಹಿಂದಿನ ರಟ್ಟು ಸರಿಸಿದರೆ ಅದೇ ನೇರಳೆ ಮುದ್ರೆ.

"ಹಾಗಾದ್ರೆ ನಿಮ್ಮ ತಂದೆಯವರು ಮದುಮಗನಾಗಿ ಇಲ್ಲಿ ನಿಂತ್ಕೊಂಡು, ಅಲ್ಲಿ ಹೋಗಿ ತಮ್ಮ ಫೋಟೋ ತಾವೇ ತೆಗೆದ್ರಾ?"

ಅವರು ಬೆಪ್ಪಾಗಿ ಮುದ್ರೆ ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಮುದ್ರೆ ನೋಡಿದರು. ಆಮೇಲೆ ಕುರ್ಚಿ ಅಲುಗಾಡುವಂತೆ ನಕ್ಕರು. ಕೆಟ್ಟ ಮನುಷ್ಯನಲ್ಲ. ಅಪ್ಪನ ಹೆಸರು ಪುಸ್ತಕದಲ್ಲಿದೆ ಎಂಬ ಹೆಮ್ಮೆಗೆ ಅಂಟಿಕೊಂಡಿದ್ದರು, ಅಷ್ಟೇ. ಈ ಚಿತ್ರದ ಮೇಲೆ ತಮ್ಮದೇನೂ ಹಕ್ಕಿಲ್ಲವೆಂದು ಅಲ್ಲೇ ಬರೆದುಕೊಟ್ಟರು. ಪ್ರಿಂಟು ಹಾಕುವ ಹಳೆಯ ಯಂತ್ರ ಒಳಗಿನ ಕೋಣೆಯಲ್ಲಿ ಇನ್ನೂ ಬದುಕಿತ್ತು. ನೆಗೆಟಿವಿನ ನಾಲ್ಕನೆಯ ಮತ್ತು ಐದನೆಯ ಚಿತ್ರಗಳನ್ನು ದೊಡ್ಡದಾಗಿ ಹಾಕಿಕೊಟ್ಟರು. "ಈ ಸಲ ಮುದ್ರೆ ಹೊಡೆಯಲ್ಲ ಮೇಡಂ, ಹೆದರಬೇಡಿ," ಎಂದರು.

ಶುಕ್ರವಾರ ಸಂಜೆ ಆ ಅಜ್ಜಿಯ ಮನೆಗೆ ಹೋಗುವಾಗ ನನಗೆ ನೆಲದ ಮೇಲೆ ಕಾಲಿರಲಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಕಿಟಕಿಗೆ ಶಾಲೆಯ ಸಮವಸ್ತ್ರ ಒಣಹಾಕಿತ್ತು. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು, ಅದರ ಹಿಂದೆ ಮೊಮ್ಮಗಳು ಇದ್ದಾಳೆಂದು ಪುಟ ತಿರುವುವ ಸದ್ದಿನಿಂದ ತಿಳಿಯುತ್ತಿತ್ತು. ನಾನು ಎರಡು ಫೋಟೋಗಳನ್ನೂ ಮಂಚದ ಮೇಲೆ ಹಾಸಿ, ಒಪ್ಪಿಗೆ ಪತ್ರ ತೆಗೆದು ಗಟ್ಟಿಯಾಗಿ ಓದಿದೆ. ಬೇಕೆಂದೇ ಗಟ್ಟಿಯಾಗಿ ಓದಿದೆ. ನಾಲ್ಕನೆಯ ಚಿತ್ರಕ್ಕೆ ಅವರು ಸಹಿ ಹಾಕಿದರು.

"ಇನ್ನು ಐದನೆಯದಕ್ಕೂ ಹಾಕಿ," ಎಂದೆ. "ಇದರಲ್ಲಿ ನಿಮ್ಮ ಮುಖ ಇದೆ. ಇದು ಬಂದ್ರೆ ಕ್ಲಾಸಿನಲ್ಲಿ ಯಾರೂ ಬಾಯಿ ಬಿಡೋ ಹಾಗಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ಅದು ನಂದಲ್ಲ."

"ನಿಮ್ಮದಲ್ಲದೆ?"

"ಅದನ್ನ ತೆಗೆದಿದ್ದು ವಿಸಲ್, ಆ ಉದ್ದ ಹುಡುಗಿ. ಎರಡು ಬೆರಳು ಬಾಯಿಗಿಟ್ಟು ಊದಿದ್ರೆ ಇಡೀ ಡಿಪೋ ತಿರುಗಿ ನೋಡೋದು, ಅದಕ್ಕೆ ಆ ಹೆಸರು. ನಾನು ಒಂದು ತೆಗೆದ ಮೇಲೆ ಅವಳು ಬಂದು ಕ್ಯಾಮೆರಾ ಕಿತ್ಕೊಂಡು, 'ನೀನೂ ಹೋಗಿ ನಿಲ್ಲು' ಅಂದ್ಲು."

"ಆದ್ರೆ ಕ್ಯಾಮೆರಾ ನಿಮ್ಮ ಅಣ್ಣಂದು, ರೋಲು ನಿಮ್ಮದು, ನೆಗೆಟಿವ್ ಇಷ್ಟು ವರ್ಷ ಇದ್ದಿದ್ದು ನಿಮ್ಮ ಡಬ್ಬಿಯಲ್ಲಿ. ಯಾರು ಕೇಳ್ತಾರೆ?"

"ಹೀಗೇ ತಾನೇ ಸ್ಟುಡಿಯೋದವರೂ ಹೇಳಿದ್ದು?"

ನಾಲಗೆ ಕಚ್ಚಿಕೊಂಡೆ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಸಾಕ್ಷಿ ಕೇಳಿದವಳು, ಗೆಲುವಿನ ಆತುರದಲ್ಲಿ ಒಂದೇ ನಿಮಿಷಕ್ಕೆ ಎಲ್ಲ ಮರೆತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಹೆಂಗಸಿನ ಮೇಲೆ ಗೌರವ ಬಂತು.

ಅಷ್ಟರಲ್ಲಿ ಬಾಗಿಲು ಪೂರ್ತಿ ತೆರೆಯಿತು. ಎರಡು ಜಡೆಯ ಹುಡುಗಿ ಮುಖ ಊದಿಸಿಕೊಂಡು ನಿಂತಿದ್ದಳು. ಹದಿನೈದು ದಿನದ ಮೌನ ಮುರಿದು, "ಅಜ್ಜಿ, ಅದರಲ್ಲಿ ನೀನಿದೀಯಂತೆ. ಹಾಕ್ಸು," ಎಂದಳು.

ಅಜ್ಜಿಯ ಕಣ್ಣು ತುಂಬಿತು. ನಾನು ಅಂದುಕೊಂಡೆ, ಈಗ ಪೆನ್ನು ಎತ್ತುತ್ತಾರೆ. ಯಾರಾದರೂ ಎತ್ತುತ್ತಿದ್ದರು. ನಾನಂತೂ ಎತ್ತುತ್ತಿದ್ದೆ.

"ನನ್ನ ಮುಖ ಇದೆ ಅಂತ ಫೋಟೋ ನಂದಾಗಲ್ಲ ಮಗು," ಎಂದರು. "ಅವಳಿಲ್ಲ, ತೀರ್ಕೊಂಡು ಮೂರು ವರ್ಷ ಆಯ್ತು. ಮಗಳಿದಾಳೆ. ಅವಳು ಹೂಂ ಅಂದ್ರೆ ಹಾಕೋಣ. ಬೇಡ ಅಂದ್ರೆ ಇಲ್ಲ."

"ಅವರು ಬೇಡ ಅಂದ್ರೆ ನಾನು ಮತ್ತೆ ಎಲ್ಲರ ಹತ್ರ ನಗಿಸ್ಕೋಬೇಕಾ?" ಬಾಗಿಲು ದಢಾರೆಂದು ಮುಚ್ಚಿಕೊಂಡಿತು.

ಶನಿವಾರ ಬೆಳಿಗ್ಗೆ ನಾವು ಮೂವರೂ ಬಸ್ಸು ಹತ್ತಿದೆವು. ಹುಡುಗಿ ತಾನೂ ಬರುತ್ತೇನೆಂದು ಹೇಳಿರಲಿಲ್ಲ, ಚಪ್ಪಲಿ ಹಾಕಿಕೊಂಡು ಹಿಂದೆ ಬಂದಿದ್ದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೇ ನೋಡಿದಳು. ನಾನು ಪುಟದ ಲೆಕ್ಕ ಹಾಕಿದೆ. ಎರಡು ಚಿತ್ರ ಪಕ್ಕಪಕ್ಕ, ಎರಡಕ್ಕೂ ಅವರವರ ಹೆಸರು, ಕೆಳಗೆ ಹನ್ನೆರಡು ಜನರ ಪಟ್ಟಿ. ಒಪ್ಪಿಗೆ ಸಿಗದಿದ್ದರೆ ಒಂದೇ ಚಿತ್ರ, ಆದರೂ ಹನ್ನೆರಡು ಹೆಸರು. ಹೆಸರಂತೂ ಯಾರಪ್ಪನ ಮಾತಿಗೂ ತೆಗೆಯುವವಳಲ್ಲ ನಾನು. ಆದರೆ ಆ ಹುಡುಗಿಗೆ ಬೇಕಾಗಿದ್ದುದು ಮುಖ.

ವಿಸಲ್ ಅವರ ಮಗಳದ್ದು ಕೀಲಿ ಮಾಡುವ ಅಂಗಡಿ. ರಸ್ತೆಗೆ ಅಂಟಿಕೊಂಡ ಉದ್ದನೆಯ, ಇಕ್ಕಟ್ಟಾದ ಕೋಣೆ. ಒಂದು ಗೋಡೆಯ ತುಂಬ ಹಲ್ಲು ಕೊರೆಯದ ಕೀಲಿಗಳು ಮೊಳೆಗಳಿಗೆ ತೂಗುತ್ತಿದ್ದವು. ನಲವತ್ತರ ಆಸುಪಾಸಿನ ಆಕೆ ಯಂತ್ರ ನಿಲ್ಲಿಸಿ, ಕೈಯ ಲೋಹದ ಪುಡಿ ಒರೆಸಿಕೊಂಡು, "ಚಿಕ್ಕಮ್ಮಾ!" ಎಂದು ಅಜ್ಜಿಯನ್ನು ಅಪ್ಪಿಕೊಂಡಳು. ನಾವು ಬಂದ ಕಾರಣ ಹೇಳಿ ಐದನೆಯ ಚಿತ್ರವನ್ನು ಅವಳ ಕೈಗೆ ಕೊಟ್ಟೆ.

ಅವಳು ಆಸೆಯಿಂದ ದೀಪದ ಕೆಳಗೆ ಹಿಡಿದು ಒಂದೊಂದೇ ಮುಖದ ಮೇಲೆ ಬೆರಳಿಟ್ಟಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಮುಖ ಬಾಡಿತು.

"ಇದರಲ್ಲಿ ಅಮ್ಮ ಎಲ್ಲಿ? ಅಮ್ಮನೇ ಇಲ್ಲದ ಫೋಟೋಗೆ ನನ್ನ ಸಹಿ ಯಾಕೆ?"

ಹುಡುಗಿ ಅಜ್ಜಿಯನ್ನು ನೋಡಿದಳು.

ಅಜ್ಜಿ ಆಕೆಯ ಭುಜದ ಮೇಲೆ ಕೈಯಿಟ್ಟರು. "ಸರಿಯಾಗಿ ನೋಡು. ಇಷ್ಟು ಜನ ಒಂದೇ ಕಡೆ ನೋಡ್ಕೊಂಡು ನಗ್ತಿದೀವಲ್ಲ. ನಾವು ಯಾರನ್ನ ನೋಡಿ ನಗ್ತಿದೀವೋ, ಅವಳೇ ನಿಮ್ಮಮ್ಮ."

ಆಕೆ ಫೋಟೋವನ್ನು ಸ್ವಲ್ಪ ದೂರ ಹಿಡಿದು, ಅಮ್ಮ ನಿಂತಿದ್ದ ಜಾಗದಲ್ಲಿ ತಾನು ನಿಂತಂತೆ, ಆ ಹನ್ನೊಂದು ಜನರನ್ನು ನೋಡಿದಳು. ಅವಳ ತುಟಿಯೂ ಮೆಲ್ಲಗೆ ಅರಳಿತು. "ಪೆನ್ನು ಕೊಡಿ," ಎಂದಳು. ಪತ್ರದಲ್ಲಿ ತನ್ನ ಸಹಿಯ ಮೇಲೆ ಅಮ್ಮನ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಳು.

ನಾನು ಪತ್ರ ಮಡಿಸಿಡುವಾಗ ಯಾರೋ ನನ್ನ ಕೈಯಿಂದ ಇನ್ನೊಂದು ಫೋಟೋ ಎಳೆದುಕೊಂಡರು. ಮೊಮ್ಮಗಳು. ತಾನು ಕ್ಲಾಸಿನಲ್ಲಿ ಅಜ್ಜಿಯ ಮುಖ ಹುಡುಕಿ ಸೋತ ಅದೇ ಚಿತ್ರ. ಅದನ್ನು ದೀಪದ ಕೆಳಗೆ ಒಯ್ದು ತುಂಬ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಹದಿನೈದು ದಿನದ ಗಂಟು ಅವಳ ಮುಖದಿಂದ ಸಡಿಲವಾಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

"ಅಜ್ಜಿ, ಇವರೆಲ್ಲ ನಿನ್ನನ್ನ ನೋಡಿ ಇಷ್ಟೊಂದು ನಗ್ತಿದಾರಲ್ಲ. ಏನಂದೆ ನೀನು ಅವರಿಗೆ?"

"ಅಯ್ಯೋ, ಅವರು ಎಲ್ಲಿ ಸಾಲಾಗಿ ನಿಲ್ತಿದ್ರು? ನಾನು ಮಧ್ಯ ನೀನು ಮಧ್ಯ ಅಂತ ಒಬ್ಬರ ಮೇಲೊಬ್ಬರು ಬೀಳ್ತಿದ್ರು. ಡ್ಯೂಟಿ ಇನ್ನೂ ಶುರುವೇ ಆಗಿರಲಿಲ್ಲ. ಅಲ್ಲೀತನಕ ಯಾವ ಹೆಂಗಸೂ ಆ ಮಾತು ಹೇಳಿರಲಿಲ್ಲ. ನಾನೇ ಮೊದಲು ಹೇಳಿದ್ದು."

"ಏನು? ಹೇಳು ಅಜ್ಜಿ. ಅವತ್ತು ಹೇಳಿದ ಹಾಗೇ ಹೇಳು."

ಅಜ್ಜಿ ಚೀಲವನ್ನು ಕಂಕುಳಿಗೆ ಒತ್ತಿದರು, ಕಾಲು ಅಗಲಿಸಿ ನಿಂತರು, ಎದೆ ತುಂಬ ಉಸಿರೆಳೆದುಕೊಂಡರು.

"ಮುಂದೆ ಹೋಗಿ, ಮುಂದೆ ಹೋಗಿ! ಒಳಗೆ ಬೇಕಾದಷ್ಟು ಜಾಗ ಇದೆ!"

ಗೋಡೆಯ ಕೀಲಿಗಳೆಲ್ಲ ಗಲಗಲ ಎಂದವು. ಬಾಗಿಲಲ್ಲಿ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಒಂದು ಮಾತೂ ಆಡದೆ ಒಳಗೆ ಬಂದು ಗೋಡೆಗೊತ್ತಿ ನಿಂತರು.